ಭಗೀರಥ ಅಂತ ಬರೀಬೇಡ

ಸನ್ಮಾನ ಪತ್ರ ಬರೆಯುವುದು ನನ್ನ ಕಸುಬಿನ ಒಂದು ಭಾಗ. ಶಿರಸಿ ಪೇಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇವುಗಳ ನಡುವೆ ಸನ್ಮಾನ ಪತ್ರ. ನಮ್ಮ ಸೀಮೆಯಲ್ಲಿ ಸನ್ಮಾನ ಸ್ವಲ್ಪ ಜಾಸ್ತಿಯೇ. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಊರೂರಲ್ಲಿ ವಾರ್ಷಿಕೋತ್ಸವ, ತಾಳಮದ್ದಳೆ. ಅದರ ನಡುವೆ ಯಾರಿಗಾದರೂ ಒಂದು ಶಾಲು, ಹಣ್ಣಿನ ಬುಟ್ಟಿ, ಗಾಜು ಹಾಕಿದ ಫ್ರೇಮು.

ಬಂದವರು ಹೆಸರು ಕೊಡುತ್ತಾರೆ, ಫೋಟೋ ಕೊಡುತ್ತಾರೆ. ‘ನಡುವೆ ಚೆಂದ ಮಾಡಿ ನಾಲ್ಕು ಸಾಲು ನೀವೇ ಹಾಕ್ಕೊಳ್ಳಿ ಅಕ್ಕಾ’ ಅನ್ನುತ್ತಾರೆ. ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಫೋಲ್ಡರುಗಳಿವೆ. ಮಾಸ್ತರು, ಯಕ್ಷಗಾನ, ಕೃಷಿ, ನಿವೃತ್ತಿ, ನೀರು. ‘ನೀರು’ ಫೋಲ್ಡರ್ ತೆಗೆದರೆ ಎಲ್ಲರೂ ‘ಆಧುನಿಕ ಭಗೀರಥ’, ಎಲ್ಲರೂ ‘ಜಲಯೋಧ’. ಹೆಸರು ಬದಲಿಸಿ ಪ್ರಿಂಟ್ ಕೊಡುವುದು, ಅಷ್ಟೆ. ಒಮ್ಮೆ ಅವಸರದಲ್ಲಿ ‘ಜಲಕ್ಷೇಮಕ್ಕೆ ದುಡಿದವರು’ ಎಂದು ಬರೆಯುವ ಬದಲು ‘ಜಲಕ್ಷಾಮಕ್ಕೆ ದುಡಿದವರು’ ಎಂದು ಹೊಡೆದು ಫ್ರೇಮು ಹಾಕಿ ಕೊಟ್ಟಿದ್ದೆ. ವೇದಿಕೆಯಲ್ಲಿ ಓದಿದವರಿಗೂ ಗೊತ್ತಾಗಲಿಲ್ಲ, ಚಪ್ಪಾಳೆ ತಟ್ಟಿದವರಿಗೂ ಗೊತ್ತಾಗಲಿಲ್ಲ. ಆ ಪುಣ್ಯಾತ್ಮರು ಮನೆಗೆ ಹೋಗಿ ಗೋಡೆಗೆ ಹಾಕುವಾಗ ನೋಡಿ ನಗಾಡಿ ಫೋನ್ ಮಾಡಿದರು. ಯಾರೂ ಓದುವುದಿಲ್ಲ ಎಂದು ಅವತ್ತು ಗ್ಯಾರಂಟಿ ಆಯಿತು.

ಕಳೆದ ನವೆಂಬರಿನಲ್ಲಿ ನನ್ನ ತವರೂರಿನ ಯುವಕ ಮಂಡಳದ ಹುಡುಗ ಬಂದ. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳಗೆ ಸಿಗುವ ಹನ್ನೊಂದು ಮನೆಯ ಊರು ನಮ್ಮದು. ‘ಅಕ್ಕಾ, ಈ ಸಲ ಒಡ್ಡಿನಜ್ಜಂಗೆ ಸನ್ಮಾನ. ನೀರಿಂದು ಇದ್ಯಲ, ಅದೇ ಹಾಕಿ’ ಅಂದ. ಪ್ರತಿ ವರ್ಷ ಹಳ್ಳಕ್ಕೆ ಒಡ್ಡು ಕಟ್ಟಿಸುವ ನಮ್ಮೂರ ಅಜ್ಜನಿಗೆ ಆ ಹೆಸರು.

ನಾನು ‘ನೀರು’ ಫೋಲ್ಡರ್ ತೆಗೆದೆ. ಅಜ್ಜನ ಹೆಸರು ಹಾಕಿದೆ. ‘ಆಧುನಿಕ ಭಗೀರಥರಾದ ಶ್ರೀಯುತ’ ಎಂದು ಓದಿಕೊಂಡೆ. ಕೈ ಮುಂದೆ ಹೋಗಲಿಲ್ಲ. ಈ ಅಜ್ಜ ನನ್ನನ್ನು ಸಣ್ಣವಳಿದ್ದಾಗ ಹಳ್ಳದ ಕೆಸರಿನಿಂದ ಜುಟ್ಟು ಹಿಡಿದು ಎತ್ತಿದವ. ಅವನಿಗೂ ಅದೇ ನಾಲ್ಕು ಸಾಲೇ? ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ.

ಅಜ್ಜ ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ವಿಷಯ ಹೇಳಿದೆ.

‘ಭಗೀರಥ ಅಂತೆಲ್ಲ ಬರೀಬೇಡ ಮಾರಾಯ್ತಿ’ ಅಂದ.

‘ಎಲ್ಲರಿಗೂ ಅದೇ ಬರೆಯೋದು ಅಜ್ಜ.’

‘ಭಗೀರಥ ಎಂತ ಮಾಡಿದ? ನೀರಿಲ್ಲದಲ್ಲಿಗೆ ನೀರು ತಂದ. ನಮ್ಮಲ್ಲಿ ನೀರು ತರೋದು ಎಂತಕ್ಕೆ? ಜೂನ್ ಬಂತು ಅಂದ್ರೆ ಮೇಲಿಂದ ಸುರಿತದೆ. ಬೇಡ ಅಂದ್ರೂ ಸುರಿತದೆ. ಗಂಗೆ ಬಂದ ರಭಸಕ್ಕೆ ಭೂಮಿ ಒಡೆದು ಹೋಗ್ತಿತ್ತು. ಹಿಡಿದುಕೊಂಡವ ಯಾರು ಹೇಳು?’

‘ಶಿವ. ಜಟೆಯಲ್ಲಿ.’

‘ಹಾಂ. ಅವನ ಹೆಸರು ಯಾವ ಸನ್ಮಾನದಲ್ಲಿ ಬರ್ತದೆ?’

ಅಜ್ಜ ಶಾಲೆ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಐವತ್ತು ವರ್ಷ ತಾಳಮದ್ದಳೆಯ ಕಂಬಳಿ ಅಂಚಿನಲ್ಲಿ ಕೂತು ಕೇಳಿದವ. ಪುರಾಣದಲ್ಲಿ ಅವನನ್ನು ಸೋಲಿಸಲು ಆಗುವುದಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿದೆ. ಶಿರಸಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2500 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ 4000 ಚದರ ಮೀಟರಿಗೆ ಸ್ವಲ್ಪ ಮೇಲೆ. ಅಂದರೆ ಒಂದು ಎಕರೆ ತೋಟದ ಮೇಲೆ ಬೀಳುವುದು ಸುಮಾರು 1 ಕೋಟಿ ಲೀಟರ್. 5000 ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ 2000 ಟ್ಯಾಂಕರ್. ಇಷ್ಟು ಸುರಿಸಿಕೊಂಡು ಏಪ್ರಿಲ್‌ನಲ್ಲಿ ಕೊಡ ಹಿಡಿದು ನಿಲ್ಲುವವರು ನಾವು. ಹೌದು, ಅಜ್ಜ ಹೇಳಿದ್ದು ಸರಿ. ಇಲ್ಲಿ ಕೊರತೆ ಇರುವುದು ಗಂಗೆಯದಲ್ಲ, ಜಟೆಯದ್ದು.

ಒಡ್ಡು ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಮಳೆಗಾಲ ಮುಗಿದು, ಗದ್ದೆ ಕೊಯ್ಲಾಗಿ, ಹಳ್ಳದ ನೀರು ಮೊಣಕಾಲಿಗೆ ಇಳಿಯುವ ಹೊತ್ತಿಗೆ, ಅಂದರೆ ಡಿಸೆಂಬರ್ ಆಸುಪಾಸಿನಲ್ಲಿ, ಹಳ್ಳಕ್ಕೆ ಅಡ್ಡ ಕಟ್ಟುವುದು. ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಮೊದಲು ಗೂಟ ಹೊಡೆಯುತ್ತಾರೆ. ಗೂಟಕ್ಕೆ ಅಡ್ಡಲಾಗಿ ಬಿದ್ದ ಅಡಿಕೆ ಮರದ ತುಂಡು. ಅದರ ಬೆನ್ನಿಗೆ ಕಲ್ಲು, ಸೊಪ್ಪು, ಮತ್ತೆ ಮಣ್ಣು. ಈಗೀಗ ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಪೇರಿಸುವುದೂ ಇದೆ. ಮಣ್ಣನ್ನು ಕಾಲಲ್ಲಿ ತುಳಿಯಬೇಕು. ಹೆಂಗಸರೂ ತುಳಿಯುತ್ತಾರೆ, ಮಕ್ಕಳಿಗಂತೂ ಅದೇ ಹಬ್ಬ. ಹತ್ತೂವರೆಗೆ ಅವಲಕ್ಕಿ, ಕಷಾಯ. ಮಧ್ಯಾಹ್ನಕ್ಕೆ ಯಾರ ಮನೆಯ ಪಾಳಿಯೋ ಅವರ ಮನೆ ಊಟ.

ಅಜ್ಜನ ಕೈಚಳಕ ಇರುವುದು ಕೊನೆಗೆ. ಒಡ್ಡು ಎದ್ದ ಮೇಲೆ ನೀರು ಏರುತ್ತಾ ಬರುತ್ತದೆ. ಎಲ್ಲೋ ಒಳಗೆ ತೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಜ್ಜ ದಡದಿಂದ ಒಂದು ಮುಷ್ಟಿ ಒಣ ತರಗೆಲೆ ಹಿಸುಕಿ ಪುಡಿ ಮಾಡಿ ನೀರಿನ ಮೇಲೆ ಚೆಲ್ಲುತ್ತಾನೆ. ಮತ್ತೆ ಸುಮ್ನೆ ನಿಲ್ಲುತ್ತಾನೆ. ಯಾರೂ ಮಾತಾಡುವಂತಿಲ್ಲ. ಪುಡಿ ತೇಲುತ್ತಾ ತೇಲುತ್ತಾ ಒಂದು ಕಡೆ ಸೇರಿ, ತಿರುಗಿ, ಪುಸಕ್ಕನೆ ಒಳಗೆ ಹೋಗುತ್ತದೆ. ‘ಅಲ್ಲಿ!’ ಎಂದು ಕೂಗುತ್ತಾನೆ. ಅಲ್ಲಿಗೊಂದು ಹೆಡಿಗೆ ಮಣ್ಣು, ಒಂದು ಹಿಡಿ ಸೊಪ್ಪು. ಹೀಗೆ ಐದಾರು ಸಲ. ನಾನು ಎಂಟು ವರ್ಷದವಳಿದ್ದಾಗ ಆ ಪುಡಿಯ ಹಿಂದೆ ಬಗ್ಗಿ ನೋಡಲು ಹೋಗಿಯೇ ಕೆಸರಿಗೆ ಬಿದ್ದದ್ದು.

ಒಡ್ಡು ಕಟ್ಟಿದ ಮೇಲೆ ಮೇಲ್ಗಡೆ ತೋಟದ ಬಾವಿಗಳಲ್ಲಿ ನೀರು ಏರುವುದನ್ನು ಅಮ್ಮ ಕಲ್ಲಿನ ಸಾಲು ಎಣಿಸಿ ಹೇಳುತ್ತಿದ್ದಳು. ನಿನ್ನೆ ಒಂಬತ್ತು ಸಾಲು ಕಾಣುತ್ತಿತ್ತು, ಇವತ್ತು ಎಂಟು. ಅದು ನಮ್ಮನೆಯ ಜಲಮಾಪನ.

ಆಮೇಲೆ ಜೂನ್. ಮೊದಲ ದೊಡ್ಡ ಮಳೆ ಬರುವುದರೊಳಗೆ ಅಜ್ಜ ತಾನೇ ಇಳಿದು ಒಡ್ಡನ್ನು ಒಂದು ಕಡೆ ಬಿಚ್ಚುತ್ತಾನೆ. ಬಿಚ್ಚದಿದ್ದರೆ ಹಳ್ಳ ತೋಟಕ್ಕೆ ನುಗ್ಗುತ್ತದೆ. ಉಳಿದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಜುಲೈ ತಿಂಗಳಲ್ಲಿ ಹೋಗಿ ನೋಡಿದರೆ ಇಲ್ಲಿ ಏನಾದರೂ ಇತ್ತು ಎಂಬ ಗುರುತೂ ಇರುವುದಿಲ್ಲ.

ನನ್ನ ಸಮಸ್ಯೆ ಇದೇ. ಸನ್ಮಾನ ಪತ್ರಕ್ಕೆ ಒಂದು ವಸ್ತು ಬೇಕು. ಇಷ್ಟು ಬಾವಿ, ಇಷ್ಟು ಕೆರೆ, ಇಷ್ಟು ಅಡಿ. ಅಜ್ಜ ಐವತ್ತು ವರ್ಷ ಕಟ್ಟಿದ್ದು ಏನು ಎಂದು ಕೇಳಿದರೆ ತೋರಿಸಲು ಏನೂ ಇಲ್ಲ.

ಹಾಗೆಂದು ಬಾವಿ, ಕೆರೆ ಮಾಡಿದವರದ್ದು ಸಣ್ಣ ಕೆಲಸ ಅನ್ನುತ್ತಿಲ್ಲ. ನಮ್ಮ ಶಿರಸಿಯ ಗೌರಿ ನಾಯ್ಕರನ್ನೇ ನೋಡಿ. ಕೂಲಿ ಮಾಡಿ ಬದುಕುವ ಹೆಂಗಸು ಅಡಿಕೆ ಗಿಡಗಳಿಗೆ ನೀರು ಬೇಕೆಂದು ಮನೆ ಹತ್ತಿರ ಒಬ್ಬರೇ 60 ಅಡಿ ಬಾವಿ ತೋಡಿದರು. 2024ರಲ್ಲಿ ಗಣೇಶನಗರದ ಅಂಗನವಾಡಿ ಮಕ್ಕಳಿಗೆಂದು ಇನ್ನೊಂದು. ಕುಂಭಮೇಳಕ್ಕೆ ಹೋಗಲು ಆಗಲಿಲ್ಲ ಎಂದು 2025ರಲ್ಲಿ ಮನೆ ಹಿತ್ತಲಲ್ಲೇ ಮತ್ತೊಂದು ತೋಡಿ ಗಂಗೆ ತರಿಸಿಕೊಂಡರು. ‘ಭಗೀರಥ’ ಎಂಬ ಮಾತು ಯಾರಿಗಾದರೂ ಒಪ್ಪುವುದಾದರೆ ಇವರಿಗೆ ಒಪ್ಪುತ್ತದೆ. ಹಾಗೇ ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರು. ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದವರು. ಐದು ಸುರಂಗದಲ್ಲಿ ನೀರು ಸಿಗಲಿಲ್ಲ, ಆರನೆಯದರಲ್ಲಿ ಸಿಕ್ಕಿತು. 2022ರಲ್ಲಿ ಪದ್ಮಶ್ರೀ ಬಂತು. ಐದನೆಯದು ವ್ಯರ್ಥವಾದ ದಿನ ಅವರ ಮನೆಯಲ್ಲಿ ಏನು ಮಾತಾಯಿತೋ ಎಂದು ನನಗೆ ಯಾವಾಗಲೂ ಕುತೂಹಲ. ಸನ್ಮಾನ ಪತ್ರದಲ್ಲಿ ಬರೆಯಬೇಕಾದ್ದು ಅದು.

ಪೇಟೆಯಲ್ಲಿ ಶ್ರೀನಿವಾಸ ಹೆಬ್ಬಾರರ ಜೀವಜಲ ಕಾರ್ಯಪಡೆ ಹೂಳು ತುಂಬಿದ ಕೆರೆಗಳಿಗೆ ಕೈ ಹಾಕಿದ್ದನ್ನು ಅಂಗಡಿಗೆ ಬರುವವರು ಈಗಲೂ ಮಾತಾಡುತ್ತಾರೆ. ಕೆರೆ ನಮಗೆ ಹೊಸತೇನಲ್ಲ. ಮಾರಿಕಾಂಬೆ ದೇವಿಕೆರೆಯಿಂದಲೇ ಎದ್ದು ಬಂದವಳು ಎಂದು ನಂಬುವ ಊರು ಇದು. ಆದರೂ ಕೆರೆಗೆ ಕಸ ಹಾಕುತ್ತೇವೆ, ಆ ಮಾತು ಬೇರೆ. ಶಿವಾನಂದ ಕಳವೆಯವರು ತಮ್ಮೂರು ಕಳವೆಯಲ್ಲಿ ಊರವರ ಜೊತೆ ಕಾಡಿನಲ್ಲಿ ಇಂಗುಗುಂಡಿ ತೆಗೆಸಿ, ಅದರ ಬಗ್ಗೆ ಬರೆದು, ಊರೂರು ತಿರುಗಿ ಹೇಳಿದರು. ಇಂಗುಗುಂಡಿಯೂ ಒಡ್ಡಿನ ಹಾಗೇ. ಎರಡು ವರ್ಷ ಬಿಟ್ಟರೆ ತರಗೆಲೆ, ಮಣ್ಣು ತುಂಬಿ ಮುಚ್ಚಿ ಹೋಗುತ್ತದೆ.

ಜಟೆ ಅಂದರೆ ಕಾಡು ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ? 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಕಡೆಯ ಕಾಡಿನಲ್ಲಿ ನಮ್ಮ ತಾಲೂಕಿನ ಜನ ಮರ ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತರು. ಆ ಅಪ್ಪಿಕೋ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಎಲ್ಲರಿಗೂ ಗೊತ್ತು. ಅಪ್ಪಿಕೊಂಡ ಉಳಿದ ಕೈಗಳು ಯಾರವು? ನಮ್ಮ ಒಡ್ಡಿನಜ್ಜನೂ ಹೋಗಿದ್ದನಂತೆ. ‘ಮರಕ್ಕೆ ಇರುವೆ ಇತ್ತು’ ಎಂಬುದೊಂದು ಬಿಟ್ಟರೆ ಅವನು ಆ ದಿನದ ಬಗ್ಗೆ ಬೇರೇನೂ ಹೇಳುವುದಿಲ್ಲ. ಘಟ್ಟದ ಕೆಳಗೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ನರ್ಸರಿಯಲ್ಲಿ ಬೀಜ ಬಿತ್ತಿ ಸಸಿ ಮಾಡುತ್ತಲೇ ಆಯುಷ್ಯ ಕಳೆದರು. 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಗಿಡ ನೆಟ್ಟವರು ಎಂದೇ ಬರೆಯುತ್ತಾರೆ. ನನ್ನ ಫೋಲ್ಡರಿನಲ್ಲಿ ಅವರು ‘ನೀರು’ ಒಳಗೂ ಬರಬೇಕು.

ಇನ್ನೊಂದು ಸಂಗತಿ. ನಮ್ಮ ಹಳ್ಳ ಹೋಗಿ ಸೇರುವುದು ಅಘನಾಶಿನಿಗೆ. ಶಿರಸಿ ಪೇಟೆಯ ಶಂಕರಹೊಂಡದ ಹತ್ತಿರ ಅದರ ಒಂದು ಕವಲು ಹುಟ್ಟುತ್ತದೆ, ಮಂಜುಗುಣಿ ಕಡೆ ಇನ್ನೊಂದು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಕೊನೆಗೆ ಉಪ್ಪು ನೀರು, ಸಿಹಿ ನೀರು ಕೂಡುವ ಜಾಗದಲ್ಲಿ ಬೆಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕುವವರು, ಗಜನಿ ಎಂಬ ಹಿನ್ನೀರಿನ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು. ಅಳಿವೆಯ ಆ ಜಾಗಕ್ಕೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಮಾಣಿಕಟ್ಟಾ ಕಡೆ ಕಗ್ಗ ಬೆಳೆಯುವವರು ಕಟ್ಟೆ ನೋಡಿಕೊಳ್ಳುವುದೂ ಒಟ್ಟಾಗಿಯೇ. ಒಬ್ಬನ ಪಾಲಿನ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನೀರು. ಘಟ್ಟದ ಮೇಲೆ ನಾವು ಡಿಸೆಂಬರಿನಲ್ಲಿ ಇಂಗಿಸಿದ ನೀರು ನಿಧಾನಕ್ಕೆ ಬಸಿದು ಬೇಸಿಗೆಯಲ್ಲಿ ಹೊಳೆಗೆ ಇಳಿಯುತ್ತದೆ. ನಮ್ಮ ಹನ್ನೊಂದು ಮನೆಯ ಒಡ್ಡಿಗೆ ಅಳಿವೆಯವರು ಶಾಲು ಹೊದೆಸಬೇಕು ಎಂದೇನಲ್ಲ. ಸಂಬಂಧ ಇದೆ ಎಂದಷ್ಟೇ ಹೇಳಿದೆ.

ಈಗ ನಮ್ಮನೆಯ ಕತೆ. ಇದನ್ನು ಬರೆಯಲು ಸ್ವಲ್ಪ ನಾಚಿಕೆ.

ನನ್ನ ಅಪ್ಪಯ್ಯ ಅಡಿಕೆ ಪತ್ರಿಕೆಯ ಚಂದಾದಾರ. ಶ್ರೀಪಡ್ರೆಯವರು ನೀರಿಂಗಿಸುವ ಬಗ್ಗೆ ಬರೆದದ್ದನ್ನೆಲ್ಲ ಓದಿ, ಕತ್ತರಿಸಿ, ಕಡತ ಮಾಡಿ ಇಟ್ಟುಕೊಂಡಿದ್ದ. ಅಂಥ ಅಪ್ಪಯ್ಯನೇ 2012ರಲ್ಲಿ ಬೋರ್ ಹೊಡೆಸಿದ. 280 ಅಡಿಗೆ ನೀರು ಬಂತು. ಬಟನ್ ಒತ್ತಿದರೆ ತೋಟಕ್ಕೆಲ್ಲ ಸ್ಪ್ರಿಂಕ್ಲರ್. ಆ ಡಿಸೆಂಬರಿನಲ್ಲಿ ಅಜ್ಜ ಒಡ್ಡಿಗೆ ಕರೆಯಲು ಬಂದಾಗ ‘ನನಗೆ ಸೊಂಟನೋವು, ಆಳು ಕಳಿಸ್ತೆ’ ಅಂದ. ಮರುವರ್ಷ ಆಳೂ ಇಲ್ಲ. ನೋಡಿ ನೋಡಿ ಉಳಿದವರೂ ಬೋರ್ ಹೊಡೆಸಿದರು. ಹನ್ನೊಂದು ಮನೆಯಲ್ಲಿ ಒಡ್ಡಿಗೆ ಬರುವವರು ನಾಲ್ಕೇ ಮನೆ ಆಯಿತು. ನಾಲ್ಕು ಮನೆಯಿಂದ ಕಟ್ಟಿದ ಒಡ್ಡು ಎಷ್ಟು ಗಟ್ಟಿ ಇರುತ್ತದೆ? ಜನವರಿಯಲ್ಲೇ ಸೋರಿ ಹೋಗುತ್ತಿತ್ತು.

2017ರ ಏಪ್ರಿಲಿನಲ್ಲಿ ಬೋರ್ ಮೊದಲು ಕೆಂಪು ನೀರು ಕೊಟ್ಟಿತು, ಆಮೇಲೆ ಬರೀ ಗಾಳಿ. ಬಾವಿಗೆ ಹೋಗಿ ನೋಡಿದರೆ ಅಮ್ಮ ಎಣಿಸುತ್ತಿದ್ದ ಕಲ್ಲಿನ ಸಾಲೆಲ್ಲ ಮುಗಿದು ತಳದ ಬಂಡೆ ಕಾಣುತ್ತಿತ್ತು. ನಮ್ಮ ಓಣಿಗೆ ಟ್ಯಾಂಕರ್ ಬಂತು. ಮಲೆನಾಡಿನ ತೋಟದ ಮನೆಗೆ ಟ್ಯಾಂಕರ್! ಅಮ್ಮ ಆ ದಿನ ಹೊರಗೆ ಬರಲೇ ಇಲ್ಲ. ದೀಪಾವಳಿಯಲ್ಲಿ ಬೂರೆ ನೀರು ತುಂಬುವಾಗ ಬಾವಿಗೆ ಹೂವು ಹಾಕಿ ಕೈಮುಗಿಯುವವಳು ಅವಳು.

ಅಜ್ಜ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು. ಆ ಡಿಸೆಂಬರಿನಲ್ಲಿ ಯಾವಾಗಿನ ಹಾಗೆ ಜಗುಲಿಗೆ ಬಂದು ನಿಂತ. ‘ಭಾನುವಾರ ಒಡ್ಡು. ಎಂಟು ಗಂಟೆಗೆ ಬನ್ನಿ, ಕತ್ತಿ ತನ್ನಿ.’ ಅಷ್ಟೇ. ಬಿಟ್ಟ ಐದು ವರ್ಷ ಎಂಬುದು ನಡುವೆ ಇಲ್ಲವೇ ಇಲ್ಲ ಎಂಬ ಹಾಗೆ. ಅಪ್ಪಯ್ಯ ಕತ್ತಿ ಹಿಡಿದು ಹೋದ. ಹನ್ನೊಂದೂ ಮನೆಯವರು ಬಂದಿದ್ದರಂತೆ.

ನನ್ನ ಮಟ್ಟಿಗೆ ಅಜ್ಜನ ದೊಡ್ಡ ಕೆಲಸ ಒಡ್ಡಲ್ಲ, ಆ ಕರೆಯುವುದು. ನಾಲ್ಕೇ ಮನೆ ಬರುತ್ತಿದ್ದಾಗಲೂ ಪ್ರತಿ ವರ್ಷ ಹನ್ನೊಂದೂ ಮನೆಗೆ ಹೋಗಿ ಕರೆದಿದ್ದ. ನೀರಿನ ಬಗ್ಗೆ ಭಾಷಣ ಮಾಡುವವರನ್ನು ಅಂಗಡಿಯಲ್ಲಿ ಕೂತು ಬೇಕಾದಷ್ಟು ನೋಡಿದ್ದೇನೆ. ‘ಬರುವುದಿಲ್ಲ’ ಎನ್ನಿಸಿಕೊಂಡ ಜಗುಲಿಗೆ ಮರುವರ್ಷವೂ ಹೋಗಿ ನಿಲ್ಲುವವರು ಕಡಿಮೆ.

ಕೊನೆಗೆ ನಾನು ಬರೆದದ್ದು ಇಷ್ಟು: ‘ಪ್ರತಿ ಡಿಸೆಂಬರಿನಲ್ಲಿ ಹನ್ನೊಂದು ಮನೆಗೂ ಹೋಗಿ ಕರೆದು, ಹಳ್ಳಕ್ಕೆ ಒಡ್ಡು ಕಟ್ಟಿಸುವವರು. ಪ್ರತಿ ಜೂನಿನಲ್ಲಿ ತಾವೇ ಇಳಿದು ಅದನ್ನು ಬಿಚ್ಚುವವರು. ಊರಿನ ಬಾವಿಗಳ ಪರವಾಗಿ ನಮಸ್ಕಾರ.’

ಯುವಕ ಮಂಡಳದ ಹುಡುಗ ಪ್ರಿಂಟ್ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ‘ಇಷ್ಟೇಯಾ ಅಕ್ಕಾ? ಜಾಗ ಉಳಿದದೆ. ಜಲಯೋಧ ಆದ್ರೂ ಹಾಕಿ.’

‘ಯುದ್ಧ ಯಾರ ಮೇಲೋ?’ ಅಂದೆ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಸುತ್ತ ಅಡಿಕೆ ಗೊನೆಯ ಬಾರ್ಡರ್ ಹಾಕಿ ಜಾಗ ತುಂಬಿಸಿಕೊಟ್ಟೆ.

ಕಾರ್ಯಕ್ರಮ ಶಾಲೆ ಅಂಗಳದಲ್ಲಿ. ನಿರೂಪಣೆ ಮಾಡುವವರು ಫ್ರೇಮು ಎತ್ತಿ ಹಿಡಿದು, ಅದರಲ್ಲಿ ಬರೆದದ್ದನ್ನು ಓದದೆ, ‘ನಮ್ಮೂರಿನ ಆಧುನಿಕ ಭಗೀರಥ!’ ಎಂದು ಮೈಕಿನಲ್ಲಿ ಕೂಗಿದರು. ಭರ್ಜರಿ ಚಪ್ಪಾಳೆ. ಶಾಲಿನೊಳಗಿಂದ ಅಜ್ಜ ನನ್ನ ಕಡೆ ನೋಡಿದ. ನಾನು ಕೈ ಆಡಿಸಿ ‘ನಾನಲ್ಲ, ನಾನಲ್ಲ’ ಅಂದೆ. ಆಮೇಲೆ ತಾಳಮದ್ದಳೆ ಶುರುವಾಯಿತು. ಅಜ್ಜ ಶಾಲು ಮಡಚಿ ಅದರ ಮೇಲೆ ಕೂತ.

ಮರುವಾರ ಅಂಗಡಿಗೆ ಬಂದ. ಅಂಗಿ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಒಡ್ಡಿನ ಪಾಳಿ ಪಟ್ಟಿ. ಯಾವ ಮನೆಯಿಂದ ಗೂಟ, ಯಾರಿಂದ ಅಡಿಕೆ ಮರ, ಯಾರದು ಊಟ, ಕಟ್ಟಿದ ಮೇಲೆ ಯಾವ ವಾರ ಯಾರು ಹೋಗಿ ಸೋರಿಕೆ ನೋಡಬೇಕು, ಎಲ್ಲ ಅವನ ವಕ್ರ ಅಕ್ಷರದಲ್ಲಿ.

‘ಇದಕ್ಕೆ ಪ್ಲಾಸ್ಟಿಕ್ ಹಾಕಿಕೊಡು. ಹಳ್ಳದ ಹತ್ರ ಮರಕ್ಕೆ ಹೊಡೀತೆ. ಪ್ರತಿ ವರ್ಷ ಒದ್ದೆಯಾಗಿ ಹರಿದು ಹೋಗ್ತದೆ.’

‘ಟೈಪ್ ಮಾಡಿ ಕೊಡಲಾ ಅಜ್ಜ?’

‘ಬೇಡ. ನನ್ನ ಅಕ್ಷರ ಕಂಡ್ರೆ ಬರ್ತಾರೆ.’

ಹಾಗೇ ಲ್ಯಾಮಿನೇಷನ್ ಮಾಡಿದೆ. ಮೆಷಿನ್ನಿನಿಂದ ಬಿಸಿಬಿಸಿ ಹೊರಬಂದದ್ದನ್ನು ಕೈಯಲ್ಲಿ ಹಿಡಿದು ಓದಿದೆ. ಏಳನೇ ಹೆಸರು ಅಪ್ಪಯ್ಯನದು. ಅಪ್ಪಯ್ಯ ತೀರಿಕೊಂಡು ಎರಡು ವರ್ಷ ಆಯಿತು, ತಮ್ಮ ಬೆಂಗಳೂರಿನಲ್ಲಿ. ಹೆಸರಿನ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದ. ಕೆಲಸ: ಮಣ್ಣು ತುಳಿಯುವುದು. ಜನವರಿ ಎರಡನೇ ವಾರ ಸೋರಿಕೆ ನೋಡುವುದು.

‘ಎಷ್ಟಾಯ್ತು?’ ಅಂದ.

‘ಮೂವತ್ತು.’

ಎಣಿಸಿ ಕೊಟ್ಟು, ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಟ್ಯಾಂಡಿನ ಕಡೆ ಹೋದ. ನಾನು ಒಂದು ಎ4 ಹಾಳೆ ತೆಗೆದು ‘ಭಾನುವಾರ ಅಂಗಡಿ ರಜೆ’ ಎಂದು ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿದೆ.